ಅತ್ತೆ ಇರುವ ಟ್ಯೂಬು

ನನ್ನ ವಾರಗಿತ್ತಿಯ ಕೈಯಲ್ಲಿ ಆರ್‌ಎನ್‌ಎ ಸಾಯುವುದಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಒಪ್ಪಿಕೊಂಡ ಸಂಗತಿ ಇದು. ನಾನೂ ಒಪ್ಪಿಕೊಂಡಿದ್ದೇನೆ, ಹಲ್ಲು ಕಚ್ಚಿಕೊಂಡು.

ಆರ್‌ಎನ್‌ಎ ಬಲು ನಾಜೂಕಿನ ವಸ್ತು. ಬೆರಳಿನ ಬೆವರು ತಾಗಿದರೆ ಹೋಯಿತು, ಸೀನಿದರೆ ಹೋಯಿತು, ಐಸಿನಿಂದ ಆಚೆ ಇಟ್ಟು ಫೋನ್ ಎತ್ತಿಕೊಂಡರೆ ಹೋಯಿತು. ಅದನ್ನು ಕಾಪಾಡಲು ನಾನು ದಿನವಿಡೀ ಗ್ಲೌಸ್ ಬದಲಿಸುತ್ತೇನೆ, ಮೇಜು ಒರೆಸುತ್ತೇನೆ, ಪಕ್ಕದಲ್ಲಿ ಯಾರಾದರೂ ಬಾಯಿ ತೆರೆದರೆ ದುರುಗುಟ್ಟಿ ನೋಡುತ್ತೇನೆ. ಅವಳು ಹಾಗಲ್ಲ. ನಗುತ್ತಾ, ಹರಟುತ್ತಾ, ಯಾರದೋ ಮಗುವಿನ ಹಲ್ಲುನೋವಿನ ಕಥೆ ಕೇಳುತ್ತಾ ಕೆಲಸ ಮುಗಿಸುತ್ತಾಳೆ. ಪರೀಕ್ಷಿಸಿದರೆ ಅವಳ ಆರ್‌ಎನ್‌ಎ ಒಂದಿಷ್ಟೂ ಮುರಿಯದೆ ಕೂತಿರುತ್ತದೆ. ಅದು ಅವಳ ಕೈಗುಣ ಎನ್ನುತ್ತಾರೆ ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಮೇಷ್ಟ್ರು. ಕೈಗುಣವಂತೆ! ವಿಜ್ಞಾನದಲ್ಲಿ ಅಂಥದ್ದೊಂದು ಇಲ್ಲ ಎಂದು ನಾನು ವಾದ ಮಾಡುತ್ತೇನೆ. ವಾದ ಗೆದ್ದು ನನ್ನ ಮೇಜಿಗೆ ಬಂದು ನೋಡಿದರೆ ನನ್ನ ಆರ್‌ಎನ್‌ಎ ನುಚ್ಚುನೂರಾಗಿರುತ್ತದೆ.

ಅವಳು ನನ್ನ ಮೈದುನನ ಹೆಂಡತಿ. ಮನೆಯಲ್ಲಿ ಅವಳು ಚಿಕ್ಕವಳು, ನಾನು ದೊಡ್ಡವಳು. ಕೆಳಗಿನ ಮನೆಯಲ್ಲಿ ಅತ್ತೆಯ ಜೊತೆ ನಾವು, ಮಹಡಿಯಲ್ಲಿ ಅವರು. ಮದುವೆಯಾಗಿ ಬಂದ ಹೊಸದರಲ್ಲಿ ಕೆಲಸವಿಲ್ಲದೆ ಕೂತಿದ್ದವಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಮೇಷ್ಟ್ರ ಮುಂದೆ ನಿಲ್ಲಿಸಿದ್ದು ನಾನೇ. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡೆ. ಮುಂಚೆ ಬಂದ ಕಿವಿಗಿಂತ ಹಿಂದೆ ಬಂದ ಕೋಡು ಉದ್ದ ಎನ್ನುತ್ತಾರಲ್ಲ, ಆ ಕೋಡು ಬೆಳೆಯುವುದನ್ನು ನಾನು ದಿನಾ ಎದುರಿಗೆ ಕೂತು ನೋಡಿದೆ.

ನಮ್ಮ ಕೆಲಸ ಒಂದು ನರದ ಕಾಯಿಲೆಯ ಮೇಲೆ. ಮೊದಲು ಕೈಯ ಬಲ ಹೋಗುತ್ತದೆ, ಆಮೇಲೆ ಕಾಲು, ಕೊನೆಗೆ ಮಾತು. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ ಎಂಬುದೇ ಅದರ ದುಷ್ಟತನ. ಮುಂಚೆಯೇ ರಕ್ತದಲ್ಲಿ ಏನಾದರೂ ಗುರುತು ಸಿಕ್ಕೀತೇ ಎಂದು ಮೇಷ್ಟ್ರು ತಲೆಗೂದಲು ಹಣ್ಣಾಗುವ ತನಕ ಹುಡುಕಿದರು. ಅವರ ಜೊತೆ ನಾನೂ ಹುಡುಕಿದೆ.

ಸಿಕ್ಕಿದ್ದು ನನಗೇ. ಹೊಟ್ಟೆ ಉರಿಯುವುದು ಅದಕ್ಕೇ. ಜೀವಕೋಶದಲ್ಲಿ ಆರ್‌ಎನ್‌ಎ ಎನ್ನುವುದು ಒಂದು ಚೀಟಿ. ಡಿಎನ್‌ಎ ಎಂಬ ದೊಡ್ಡ ಪುಸ್ತಕದಿಂದ ಬೇಕಾದಷ್ಟು ನಕಲು ಮಾಡಿಕೊಂಡು, ಕೆಲಸ ಮುಗಿದ ಮೇಲೆ ತುದಿಯಿಂದ ಹರಿದು ಎಸೆಯುವ ಚೀಟಿ. ರೋಗಿಗಳ ರಕ್ತದ ಆರ್‌ಎನ್‌ಎಯ ಚಿತ್ರ ತೆಗೆದರೆ ಅದರಲ್ಲಿ ಯಾವಾಗಲೂ ಒಂದು ಮಸುಕು ಪಟ್ಟೆ ನನಗೆ ಕಾಣುತ್ತಿತ್ತು. ಕಸ ಎಂದುಕೊಂಡೆ. ಚಿಕ್ಕವಳು ಬಂದ ಹೊಸದರಲ್ಲಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಈ ಕಸ ನಾನು ತೆಗೆದುಕೊಳ್ಳಲಾ ಎಂದು ಕೇಳಿದಳು. ಧಾರಾಳವಾಗಿ ತಗೋ ಎಂದೆ. ಅದು ಕಸವಾಗಿರಲಿಲ್ಲ. ಎರಡು ತುದಿ ಬೆಸೆದುಕೊಂಡು ಬಳೆಯ ಹಾಗಾದ ಆರ್‌ಎನ್‌ಎ ಅದು. ತುದಿಯೇ ಇಲ್ಲದ ಚೀಟಿಯನ್ನು ಎಲ್ಲಿಂದ ಹರಿಯುವುದು? ಅದು ಕೋಶದಲ್ಲಿ ಉಳಿದು, ರಾಶಿಯಾಗಿ, ನರವನ್ನು ಕೊಲ್ಲುತ್ತಿತ್ತು. ಈಗ ಎಲ್ಲರೂ ಅದನ್ನು ಅವಳ ಬಳೆ ಎನ್ನುತ್ತಾರೆ. ನನ್ನ ಬುಟ್ಟಿಯಿಂದ ಆರಿಸಿಕೊಂಡದ್ದು ಎಂದು ಯಾರೂ ಹೇಳುವುದಿಲ್ಲ, ಅವಳೊಬ್ಬಳನ್ನು ಬಿಟ್ಟು. ಅವಳು ಹೋದಲ್ಲೆಲ್ಲ ಹೇಳುತ್ತಾಳೆ. ಅದು ಇನ್ನೂ ಉರಿ.

ಮೇಷ್ಟ್ರು ಈ ವರ್ಷ ನಿವೃತ್ತರಾಗುವವರಿದ್ದರು. ಅವರ ಕುರ್ಚಿ, ಕಿಟಕಿ ಇರುವ ಕೋಣೆ, ಬಳೆಯ ಕೆಲಸ, ಮೂರೂ ಒಬ್ಬರಿಗೇ ಹೋಗುತ್ತವೆ ಎಂದು ಅವರು ಹೇಳಿದ್ದರು. ಯಾರಿಗೆ ಎಂದು ಬಾಯಿಬಿಟ್ಟಿರಲಿಲ್ಲ. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಹೊರಗಿನಿಂದ ಯಾರಾದರೂ ದೊಡ್ಡವರು ಬಂದರೆ ಅವಳ ಮೇಜಿಗೇ ಕರೆದೊಯ್ಯುತ್ತಿದ್ದರು. ನನ್ನ ಮೇಜನ್ನು ದಾಟುವಾಗ ‘ಇವರು ನಮ್ಮ ಹಳಬರು’ ಎನ್ನುತ್ತಿದ್ದರು. ಹಳಬರಂತೆ. ಮೂಲೆಯ ಫ್ರಿಜ್ಜಿಗೂ ಅವರು ಹಾಗೇ ಹೇಳುತ್ತಿದ್ದರು.

ಮನೆಗೆ ಬಂದರೆ ಅಲ್ಲೂ ಅದೇ ರಾಗ. ಡಬ್ಬಿಯ ಮುಚ್ಚಳ ಬಿಗಿಯಾದರೆ ಅತ್ತೆ ನನ್ನ ಕೈಯಿಂದ ಕಿತ್ತುಕೊಂಡು ಮೆಟ್ಟಿಲ ಬುಡದಲ್ಲಿ ನಿಂತು ಚಿಕ್ಕವಳನ್ನು ಕೂಗುತ್ತಿದ್ದರು. ನಾನು ತೆಗೆಯುತ್ತೇನೆ ಎಂದರೂ ಕೇಳುತ್ತಿರಲಿಲ್ಲ. ಈಚೆಗಂತೂ ಅವಳು ಕರೆಯದೆಯೂ ಬರುತ್ತಿದ್ದಳು. ಪ್ರಯೋಗಾಲಯದಲ್ಲಿ ನನ್ನ ಟ್ಯೂಬುಗಳ ಮುಚ್ಚಳಗಳನ್ನು ಬೆಳಿಗ್ಗೆಯೇ ಬಂದು ಸಡಿಲ ಮಾಡಿಡುತ್ತಿದ್ದಳು. ದ್ರವ ಸಾರಜನಕದ ಕ್ಯಾನಿಗೆ ನಾನು ಕೈ ಹಾಕುವುದೇ ತಡ, ಅವಳು ಎತ್ತಿಕೊಂಡು ಹೊರಟಿರುತ್ತಿದ್ದಳು. ಎಲ್ಲರ ಮುಂದೆ ನನ್ನನ್ನು ಮುದುಕಿ ಮಾಡುವ ಉಪಾಯ ಎಂದು ನನಗೆ ಗೊತ್ತಿತ್ತು. ನನ್ನ ಅಳತೆಗಳು ಆಗಾಗ ತಪ್ಪುತ್ತಿದ್ದವು ನಿಜ. ಅದು ಹನಿ ಅಳೆಯುವ ಪಿಪೆಟ್ಟಿನ ದೋಷ. ರಿಪೇರಿಗೆ ಕಳಿಸಿದೆ. ಸರಿಯಾಗಿದೆ ಎಂದು ವಾಪಸು ಬಂತು. ಮತ್ತೆ ಕಳಿಸಿದೆ.

ಇಲ್ಲಿ ನಮ್ಮಲ್ಲಿನ ಒಂದು ತಮಾಷೆ ಹೇಳಬೇಕು. ಹೆಂಗಸಿನ ಪ್ರತಿ ಜೀವಕೋಶದಲ್ಲೂ ಎಕ್ಸ್ ಎಂಬ ವರ್ಣತಂತು ಎರಡಿರುತ್ತವೆ, ಗಂಡಸಿಗೆ ಒಂದೇ. ಎರಡೂ ಒಟ್ಟಿಗೆ ಬಾಯಿ ಮಾಡಿದರೆ ಕೋಶದ ಸಂಸಾರ ಕೆಡುತ್ತದೆ. ಅದಕ್ಕೆ ಒಂದು ಉದ್ದನೆಯ ಆರ್‌ಎನ್‌ಎ ಹುಟ್ಟಿ, ಎರಡರಲ್ಲಿ ಒಂದರ ಮೈತುಂಬ ಕವಿದು, ಅದನ್ನು ಸುಮ್ಮನಾಗಿಸುತ್ತದೆ. ಇಬ್ಬರು ಸೊಸೆಯರಲ್ಲಿ ಒಬ್ಬಳ ಬಾಯಿ ಮುಚ್ಚಿಸುವವಳು ಇನ್ಯಾರು? ಆ ಆರ್‌ಎನ್‌ಎಗೆ ‘ಅತ್ತೆ’ ಎಂದು ಹೆಸರಿಟ್ಟವಳು ನಾನು. ಹೆಸರು ಅಂಟಿಕೊಂಡಿತು. ಗಂಡಸಿನ ರಕ್ತದಲ್ಲಿ ಅದು ಇರುವುದೇ ಇಲ್ಲವಾದ್ದರಿಂದ, ಟ್ಯೂಬುಗಳು ಅದಲುಬದಲಾಗಿವೆಯೇ ಎಂದು ನೋಡಲು ಅದೇ ನಮ್ಮ ಪರೀಕ್ಷೆ. ಗಂಭೀರ ಮುಖದ ಮೇಷ್ಟ್ರೂ ಟ್ಯೂಬು ಹಿಡಿದು, ‘ಇದರಲ್ಲಿ ಅತ್ತೆ ಇದ್ದಾಳಾ?’ ಎಂದು ಕೇಳುತ್ತಾರೆ. ಮನೆಯಲ್ಲಿರುವ ಅತ್ತೆಗೆ ಈ ವಿಷಯ ಗೊತ್ತಿಲ್ಲ.

ಬಳೆಯ ಪರೀಕ್ಷೆಗೆ ಆ ಸಲ ಆಸ್ಪತ್ರೆಯಿಂದ ಬಂದ ರೋಗಿಗಳೆಲ್ಲ ಗಂಡಸರು. ಹೋಲಿಕೆಗೆ ಆರೋಗ್ಯವಂತ ಗಂಡಸರ ರಕ್ತ ಬೇಕಿತ್ತು. ಆ ಏರ್ಪಾಟು ನನ್ನದು. ನಮ್ಮ ಕಟ್ಟಡದವರನ್ನೇ ಹಿಡಿದು ತಂದೆ. ಕೊಟ್ಟವರಿಗೆ ಫಲಿತಾಂಶ ತಿಳಿಸಬಾರದು, ಯಾರ ರಕ್ತ ಯಾವುದು ಎಂದು ಕೆಲಸ ಮಾಡುವವರಿಗೆ ಗೊತ್ತಿರಬಾರದು ಎಂಬ ನಿಯಮ ಮಾಡಿದವಳೂ ನಾನೇ. ಕೊನೆಯವನು ನಮ್ಮ ಎಲೆಕ್ಟ್ರಿಷಿಯನ್. ಪೈಲ್ವಾನನ ಮೈಕಟ್ಟು. ಸೂಜಿ ಕಂಡದ್ದೇ ಕಣ್ಣು ಮೇಲೆ ಮಾಡಿ ದೊಪ್ಪನೆ ಬಿದ್ದ. ಎಲ್ಲರೂ ನಕ್ಕರು. ನರ್ಸ್ ಸಿರಿಂಜ್ ಹಿಡಿದು ಕಾಯುತ್ತಿದ್ದಳು. ಟ್ಯೂಬು ಖಾಲಿ ಹೋಗಬಾರದೆಂದು ನಾನೇ ಕೋಟಿನ ತೋಳು ಮೇಲಕ್ಕೆ ಮಡಚಿ, ನಿನ್ನ ಮೀಸೆ ನನಗೆ ಕೊಡು ಎಂದು ಅವನನ್ನು ಛೇಡಿಸುತ್ತಾ ಕೈ ಚಾಚಿದೆ. ಆಮೇಲೆ ಮರೆತುಬಿಟ್ಟೆ.

ಚಿಕ್ಕವಳು ತನ್ನ ಫಲಿತಾಂಶ ತೋರಿಸುವ ದಿನ ಬಂತು. ಮೇಷ್ಟ್ರು ಅಂದೇ ತಮ್ಮ ನಿರ್ಧಾರ ಹೇಳುವವರಿದ್ದರು. ಉದ್ದ ಮೇಜಿನ ಸುತ್ತ ಎಲ್ಲರೂ ಕೂತಿದ್ದೆವು. ಗೋಡೆಯ ಮೇಲೆ ಅವಳ ನಕ್ಷೆ ಮೂಡಿತು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ, ರಕ್ತದಲ್ಲಿ ಬಳೆ ಹೆಚ್ಚಿದಷ್ಟೂ ಚುಕ್ಕೆ ಮೇಲೆ. ರೋಗಿಗಳ ಚುಕ್ಕೆಗಳೆಲ್ಲ ಮೇಲೆ, ಆರೋಗ್ಯವಂತರ ಚುಕ್ಕೆಗಳೆಲ್ಲ ಕೆಳಗೆ, ನಡುವೆ ಖಾಲಿ ಗೋಡೆ. ಅಷ್ಟು ಚೊಕ್ಕ ನಕ್ಷೆಯನ್ನು ನಾನು ನನ್ನ ಹೆಸರಿನ ಕೆಳಗೆ ಕನಸಲ್ಲೂ ಕಂಡಿರಲಿಲ್ಲ. ಮೇಷ್ಟ್ರ ಕಣ್ಣು ಒದ್ದೆಯಾದದ್ದು ನನಗೆ ಕಂಡಿತು. ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದ ಹಾಗಾಯಿತು.

ಹೊಟ್ಟೆಕಿಚ್ಚಿಗೆ ಕಣ್ಣು ಚುರುಕು. ಕೆಳಗಿನ ಚುಕ್ಕೆಗಳನ್ನು ಎಣಿಸಿದೆ. ಮತ್ತೆ ಎಣಿಸಿದೆ. ರಕ್ತ ಕೊಟ್ಟವರಿಗಿಂತ ಚುಕ್ಕೆ ಒಂದು ಕಡಿಮೆ ಇತ್ತು.

"ಒಂದು ಚುಕ್ಕೆ ಎಲ್ಲಿ?" ಎಂದೆ.

ಅವಳ ಮುಖದ ಬಣ್ಣ ಇಳಿಯಿತು. ಟ್ಯೂಬು ಒಡೆಯಿತೇ, ರಕ್ತ ಹೆಪ್ಪುಗಟ್ಟಿತೇ ಎಂದು ಮೇಷ್ಟ್ರು ಅವಳಿಗೆ ದಾರಿ ಮಾಡಿಕೊಟ್ಟರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೊಂದು ದರಿದ್ರ ಗುಣ.

"ಒಡೀಲಿಲ್ಲ ಸರ್. ನಾನೇ ಬಿಟ್ಟೆ," ಎಂದಳು. "ಯಾಕೆ ಅಂತ ಹೇಳೋಕಾಗಲ್ಲ."

ಹೇಳುವುದು ಇನ್ನೇನು? ಆರೋಗ್ಯವಂತನೊಬ್ಬನ ರಕ್ತದಲ್ಲಿ ಬಳೆ ರಾಶಿಯಾಗಿ ಸಿಕ್ಕಿದೆ. ಹಾಗೆ ಸಿಕ್ಕರೆ ಬಳೆಗೂ ಕಾಯಿಲೆಗೂ ನಂಟು ಎಂಬ ಅವಳ ಮಾತು ಬಿತ್ತು. ಅದಕ್ಕೆ ಚುಕ್ಕೆಯನ್ನೇ ನುಂಗಿದ್ದಾಳೆ. ಇದನ್ನು ನಾನು ಎಲ್ಲರಿಗೂ ಕೇಳುವ ಹಾಗೆ, ನಿಧಾನವಾಗಿ, ಬಹಳ ಬೇಸರವಾದವಳಂತೆ ಹೇಳಿದೆ. ನಮ್ಮ ಮೇಷ್ಟ್ರ ಲೆಕ್ಕದಲ್ಲಿ ಮಾಡಿದ ತಪ್ಪಿಗೆ ಕ್ಷಮೆ ಉಂಟು, ಮುಚ್ಚಿಟ್ಟ ಚುಕ್ಕೆಗೆ ಇಲ್ಲ. ಅವರು ಗೋಡೆಯ ಮೇಲಿನ ನಕ್ಷೆಯನ್ನು ಆರಿಸಿದರು. ಆಮೇಲೆ, ಇನ್ನು ಬಳೆಯ ಕೆಲಸ ದೊಡ್ಡವರು ನೋಡಿಕೊಳ್ಳುತ್ತಾರೆ ಎಂದು ನನ್ನ ಕಡೆ ಕೈ ತೋರಿಸಿ ಎದ್ದು ಹೋದರು.

ನನ್ನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಸುಳ್ಳು ಯಾಕೆ ಹೇಳಲಿ? ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿ ಇರುವ ಕೋಣೆಯಲ್ಲಿ ಮೇಜನ್ನು ಎತ್ತ ಮುಖ ಮಾಡಿ ಹಾಕುವುದು ಎಂದು ಯೋಚಿಸುತ್ತಿದ್ದೆ.

ಮನೆಯ ಮೆಟ್ಟಿಲಲ್ಲಿ ಅವಳು ನನಗಾಗಿ ಕಾದು ನಿಂತಿದ್ದಳು. ಅಳುತ್ತಾಳೆ, ಬೈಯುತ್ತಾಳೆ ಎಂದು ಸಿದ್ಧಳಾಗಿಯೇ ಹತ್ತಿರ ಹೋದೆ.

"ಅಕ್ಕಾ, ಕೆಲಸ ನೀವೇ ಇಟ್ಕೊಳ್ಳಿ," ಎಂದಳು. "ಆ ಒಂದು ಟ್ಯೂಬ್ ಮಾತ್ರ ನೀವು ಮಾಡ್ಬೇಡಿ. ಅದನ್ನ ಹಾಗೇ ಬಿಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ ಎಂದುಕೊಂಡೆ. ನೋಡೋಣ ಎಂದು ಹೇಳಿ ಒಳಗೆ ಹೋದೆ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪ್ರಯೋಗಾಲಯಕ್ಕೆ ಹೋಗಿ ಫ್ರೀಜರಿನಿಂದ ಆ ಟ್ಯೂಬನ್ನೇ ತೆಗೆದೆ.

ಮುಚ್ಚಳ ಬಿಗಿಯಾಗಿತ್ತು. ಅಂದು ಸಡಿಲ ಮಾಡಿಡಲು ಅವಳು ಬಂದಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ, ಇಕ್ಕಳ ತಂದು ತಿರುಗಿಸಿದೆ. ಹೆಬ್ಬೆರಳ ಬುಡ ಸುಮ್ಮನೆ ನಡುಗುತ್ತಿತ್ತು. ಗೆಲುವಿನ ಸಡಗರ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಯಂತ್ರದ ಪರದೆಯ ಮೇಲೆ ಗೆರೆಗಳು ಏಳತೊಡಗಿದವು. ಬಳೆಯ ಗೆರೆ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ ರೋಗಿಗಳ ಗೆರೆಗಳ ನಡುವೆ ಸೇರಿಕೊಂಡಿತು. ನಾನು ಹೇಳಲಿಲ್ಲವೇ? ಖುಷಿಯಿಂದ ಕುರ್ಚಿಯಲ್ಲಿ ಒಮ್ಮೆ ತಿರುಗಿದೆ.

ಪದ್ಧತಿಯ ಪ್ರಕಾರ ಕೊನೆಯ ಪರೀಕ್ಷೆ. ಅತ್ತೆ ಇದ್ದಾಳಾ? ಗಂಡಸರ ಗುಂಪು, ಇರಕೂಡದು. ಆದರೆ ಗೆರೆ ಎದ್ದಿತು. ಅತ್ತೆ ಇದ್ದಳು, ಇಡೀ ಜಂಬದಲ್ಲಿ.

ನನಗೆ ಕುಣಿಯುವ ಹಾಗಾಯಿತು. ಚುಕ್ಕೆ ನುಂಗಿದ್ದಷ್ಟೇ ಅಲ್ಲ, ಮಹಾರಾಯ್ತಿ ಟ್ಯೂಬುಗಳನ್ನೂ ಅದಲುಬದಲು ಮಾಡಿದ್ದಾಳೆ! ಕೈಗುಣವಂತೆ ಕೈಗುಣ. ಪರದೆಯ ಮೇಲಿದ್ದುದನ್ನು ಕಾಗದಕ್ಕಿಳಿಸಿಕೊಂಡು ಮೇಷ್ಟ್ರ ಕೋಣೆಯ ಕಡೆ ಹೆಜ್ಜೆ ಹಾಕಿದೆ.

ಓಣಿಯಲ್ಲಿ ಏಣಿ ಹಾಕಿಕೊಂಡು ಎಲೆಕ್ಟ್ರಿಷಿಯನ್ ಟ್ಯೂಬ್‌ಲೈಟ್ ಬದಲಿಸುತ್ತಿದ್ದ. ನನ್ನನ್ನು ಕಂಡವನೇ ಏಣಿಯ ಮೇಲೇ ಹಿಂದಕ್ಕೆ ಸರಿಯುವವನಂತೆ ನಟಿಸಿದ.

"ಮತ್ತೆ ರಕ್ತ ಕೇಳೋಕೆ ಬಂದ್ರಾ ಮೇಡಂ? ನನ್ ಕೈಲಾಗಲ್ಲಪ್ಪ. ಅವತ್ತಿನ ಥರಾನೇ ನನ್ ಬದ್ಲು ನೀವೇ ಕೊಟ್ಬಿಡಿ," ಎಂದು ನಕ್ಕ.

ನಾನೂ ನಕ್ಕು ಎರಡು ಹೆಜ್ಜೆ ಮುಂದೆ ಹೋದೆ. ನಮ್ಮಲ್ಲಿ ತಡವಾಗಿ ಅರ್ಥವಾಗುವವರನ್ನು ಟ್ಯೂಬ್‌ಲೈಟ್ ಎನ್ನುತ್ತಾರೆ. ಅವನು ಆಗಷ್ಟೇ ಹಾಕಿದ್ದು ಎರಡು ಸಲ ಮಿಣುಕಿ ಹೊತ್ತಿಕೊಂಡಿತು. ಆಗ ನನಗೂ ಹೊತ್ತಿಕೊಂಡಿತು.

ಆ ಗುಂಪಿನಲ್ಲಿ ಹೆಂಗಸು ಒಬ್ಬಳೇ.

ಟ್ಯೂಬು ಅದಲುಬದಲಾಗಿರಲಿಲ್ಲ. ಗೋಡೆ ಹಿಡಿದು ನಿಂತು ನನ್ನ ಬಲಗೈ ನೋಡಿದೆ. ಹೆಬ್ಬೆರಳ ಬುಡದ ಮಾಂಸ ಎಡಗೈಯಷ್ಟು ಉಬ್ಬಿರಲಿಲ್ಲ. ಎಷ್ಟೋ ರೋಗಿಗಳ ಕೈಯಲ್ಲಿ ನಾನು ಆ ಜಾಗವನ್ನೇ ಮೊದಲು ಮುಟ್ಟಿ ನೋಡಿದ್ದೇನೆ. ಕೆಡದಿದ್ದ ಪಿಪೆಟ್ಟು, ಅತ್ತೆ ಕಿತ್ತುಕೊಳ್ಳುತ್ತಿದ್ದ ಡಬ್ಬಿ, ಸಡಿಲವಾಗಿರುತ್ತಿದ್ದ ಮುಚ್ಚಳಗಳು, ಒಂದೊಂದಾಗಿ ನೆನಪಿಗೆ ಬಂದವು. ಮೇಷ್ಟ್ರ ಬಾಗಿಲವರೆಗೆ ಹೋಗದೆ ಹಿಂದಕ್ಕೆ ತಿರುಗಿದೆ.

ಸಂಜೆ ಅವಳು ತಾರಸಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ನನ್ನ ಮುಖ ನೋಡಿದವಳೇ ಬಟ್ಟೆಯ ಬುಟ್ಟಿ ಸರಿಸಿ ನನಗೆ ಜಾಗ ಮಾಡಿದಳು. ಯಾವಾಗ ಗೊತ್ತಾಯಿತು ಎಂದು ನಾನೇ ಕೇಳಿದೆ.

"ಮೊದಲ ಸಲ ಮಾಡ್ದಾಗ್ಲೇ. ಮತ್ತೆ ಮಾಡ್ದೆ, ಮತ್ತೂ ಮಾಡ್ದೆ. ಇದೊಂದು ಸಲ ನನ್ನ ಕೈ ಕೆಡ್ಲಿ ದೇವ್ರೇ ಅಂತ ಬೇಡ್ಕೊಂಡು ಮಾಡ್ದೆ ಅಕ್ಕಾ. ಕೆಡ್ಲಿಲ್ಲ."

"ಚುಕ್ಕೆ ಹಾಕಿ ಸುಮ್ನಿರಬೇಕಿತ್ತು. ಯಾರ ಹೆಸರೂ ಇರ್ತಿರಲಿಲ್ಲವಲ್ಲ."

"ಅಷ್ಟು ಮೇಲೆ ಒಂಟಿ ಚುಕ್ಕೆ ಕೂತಿದ್ರೆ ಮೇಷ್ಟ್ರು ಬಿಡ್ತಿದ್ರಾ? ಅತ್ತೆ ಇದ್ದಾಳಾ ನೋಡು ಅಂತಿದ್ರು. ಅವತ್ತು ಕೈ ಚಾಚಿದ್ದು ಯಾರು ಅಂತ ಆ ಮೇಜಿನ ಸುತ್ತ ಇದ್ದೋರಿಗೆಲ್ಲ ಗೊತ್ತು. ನಿಮಗಿಂತ ಮುಂಚೆ ಅವರಿಗೆಲ್ಲ ಗೊತ್ತಾಗ್ಬೇಕಿತ್ತಾ?" ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು. "ನಿಮಗೆ ಹೇಳೋಣ ಅಂದ್ರೆ ಹೇಳಬಾರದು ಅಂತ ನಿಯಮ ಮಾಡಿದ್ದೂ ನೀವೇ."

ಬೇರೆ ಯಾರಾದರೂ ಆಗಿದ್ದರೆ ಅವಳನ್ನು ತಬ್ಬಿಕೊಂಡು ಅತ್ತುಬಿಡುತ್ತಿದ್ದರೇನೋ. ನನಗೆ ಹೊಟ್ಟೆ ಉರಿಯಿತು. ಕೈಗುಣದಲ್ಲಿ ಸೋತೆ, ಹಾಳಾಗಿ ಹೋಗಲಿ. ಬಳೆಯಲ್ಲಿ ಸೋತೆ. ಒಳ್ಳೆಯತನದಲ್ಲಾದರೂ ನಾವಿಬ್ಬರೂ ಒಂದೇ ಮಟ್ಟ ಎಂದುಕೊಂಡಿದ್ದೆ. ಅಲ್ಲೂ ನನ್ನನ್ನು ಹಿಂದೆ ಹಾಕಿ, ಕುರ್ಚಿಯನ್ನು ಕಾಲಿನಿಂದ ಒದ್ದು, ಬಟ್ಟೆ ಮಡಚುತ್ತಾ ನಿಂತಿದ್ದಾಳೆ. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡದೆ ಇನ್ನು ಯಾರ ಮೇಲೆ ಪಡಲಿ?

ಮುಂದಿನ ಸಭೆಯಲ್ಲಿ ನಕ್ಷೆ ಹಾಕಿದವಳು ನಾನು. ಬಿಟ್ಟಿದ್ದ ಚುಕ್ಕೆಯನ್ನು ಅದರ ಜಾಗದಲ್ಲಿ, ಮೇಲೆ, ರೋಗಿಗಳ ಸಾಲಿನಲ್ಲಿ ಕೂರಿಸಿದ್ದೆ. ಇದು ಯಾರದೆಂದು ಕೇಳುವ ಮೊದಲೇ, ನನ್ನದು ಎಂದೆ. ಚಿಕ್ಕವಳು ಅದನ್ನು ಯಾಕೆ ಬಿಟ್ಟಳು ಎಂದೂ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು. ಬಳೆಯ ಕೆಲಸ, ಕುರ್ಚಿ, ಕಿಟಕಿ ಎಲ್ಲ ಅವಳಿಗೇ ಕೊಡಿ ಎಂದೆ. ಅವರು ಆಗಲಿ ಎಂದು ತಲೆಯಾಡಿಸಿದರು.

ನಾನೇನೋ ದೊಡ್ಡ ಮನಸ್ಸು ಮಾಡಿದೆ ಎಂದುಕೊಳ್ಳಬೇಡಿ. ಇನ್ನು ಮೇಲೆ ನನ್ನ ರಕ್ತ ಮತ್ತೆ ಮತ್ತೆ ಪರೀಕ್ಷೆಗೆ ಹೋಗಬೇಕು. ಬಳೆ ಏರಿತೇ, ಇಳಿಯಿತೇ, ಕೊಟ್ಟ ಮದ್ದಿಗೆ ಮಣಿಯಿತೇ ಎಂದು ನೋಡಬೇಕು. ಬೇರೆಯವರ ಕೈಯಲ್ಲಿ ಆರ್‌ಎನ್‌ಎ ಸಾಯುತ್ತದೆ.

ಮತ್ತೊಂದು ವಿಷಯವಿದೆ. ನಾನು ಹೀಗೇ ಗಟ್ಟಿಯಾಗಿ ಉಳಿದರೆ ಅವಳ ಬಳೆಯ ಮಾತು ಸುಳ್ಳಾಗುತ್ತದೆ. ನನ್ನ ಕೈ ಹೋದರೆ ಅವಳು ಹೇಳಿದ್ದು ನಿಜ. ಇಷ್ಟು ಕಾಲ ಅವಳ ಲೆಕ್ಕ ತಪ್ಪಾಗಲಿ ಎಂದು ಹಾರೈಸುತ್ತಿದ್ದವಳು ನಾನೊಬ್ಬಳೇ. ಈಗ ಅವಳೂ ಅದನ್ನೇ ಹಾರೈಸುತ್ತಾಳೆ. ವಾರಗಿತ್ತಿಯರಿಬ್ಬರೂ ಒಂದೇ ಮಾತಿಗೆ ಬಂದದ್ದು ಅತ್ತೆಯ ಕಾಲದಲ್ಲಿ ಇದೇ ಮೊದಲು.

ನಿನ್ನೆ ಹೊಸದಾಗಿ ರಕ್ತ ಕೊಟ್ಟೆ. ಟ್ಯೂಬನ್ನು ಅಭ್ಯಾಸಬಲದಿಂದ ನಾನೇ ಅವಳ ಮೇಜಿಗೆ ತಂದು, ನಾನೇ ತೆರೆಯಲು ಹೋದೆ. ಮುಚ್ಚಳ ಅಲುಗಲಿಲ್ಲ. ಅವಳು ಕಂಡೂ ಕಾಣದವಳಂತೆ ಐಸಿನ ಡಬ್ಬಿಯಲ್ಲಿ ಏನೋ ಹುಡುಕುತ್ತಿದ್ದಳು. ಬಹಳ ಹೊತ್ತು ಹುಡುಕಿದಳು. ಕೊನೆಗೆ ಟ್ಯೂಬನ್ನು ಅವಳ ಮುಂದೆ ಹಿಡಿದೆ. ಎರಡು ಬೆರಳಲ್ಲಿ ತಿರುಗಿಸಿ ತೆಗೆದಳು.

"ನಿನ್ನ ಕೈ ಕೆಟ್ಟು ಹೋಗ್ಲಿ," ಎಂದೆ.

"ಹಾಗೇ ಆಗ್ಲಿ ಅಕ್ಕಾ," ಎಂದಳು.